ಅಳತೆಯ ಅಕ್ಷರಗಳು

ಮನೆಯ ಸಾಮಾನಿನ ಚೀಟಿಯನ್ನು ಬರೆಯುವುದು ಒಂದು ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ತೊಗರಿಬೇಳೆ 2, ಸಕ್ಕರೆ 1, ಸಾಸಿವೆ 100, ಎಣ್ಣೆ 1 ಎಂದು ಗೀಚಿ ಹುಡುಗನ ಕೈಗೆ ಕೊಟ್ಟರೆ ಸಾಕು. ಅಂಗಡಿಯವನು ಬೇಳೆಗೆ ಕಿಲೋಗ್ರಾಂ ಎಂದೂ, ಸಾಸಿವೆಗೆ ಗ್ರಾಂ ಎಂದೂ, ಎಣ್ಣೆಗೆ ಲೀಟರ್ ಎಂದೂ ತಾನೇ ತಿಳಿದುಕೊಂಡು ಕಟ್ಟಿಕೊಡುತ್ತಾನೆ. ನೂರು ಕಿಲೋಗ್ರಾಂ ಸಾಸಿವೆಯನ್ನು ಗಾಡಿಯಲ್ಲಿ ಹೇರಿ ಕಳುಹಿಸಿದ ಅಂಗಡಿಯವನನ್ನು ನಾವು ಇದುವರೆಗೆ ಕಂಡಿಲ್ಲ. ಅವನ ಲೋಕಾನುಭವವು ನಮ್ಮ ಅಜಾಗರೂಕತೆಯನ್ನು ದಿನದಿನವೂ ಮುಚ್ಚಿಹಾಕುತ್ತಿರುವುದರಿಂದ, ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರನ್ನು ಬರೆಯದಿದ್ದರೂ, ತಪ್ಪಾಗಿ ಬರೆದರೂ, ಅರ್ಧ ಬರೆದು ಬಿಟ್ಟರೂ ಏನೂ ಕೆಡುವುದಿಲ್ಲವೆಂಬ ಧೈರ್ಯ ನಮಗೆ ಬಂದುಬಿಟ್ಟಿದೆ.

ಈ ಅಭ್ಯಾಸವು ಅಂಗಡಿಯ ಚೀಟಿಯಲ್ಲಿಯೇ ನಿಂತಿದ್ದರೆ ಅದನ್ನು ಕುರಿತು ಬರೆಯುವ ಅವಶ್ಯಕತೆಯೇ ಇರುತ್ತಿರಲಿಲ್ಲ. ಆದರೆ ಸಾಸಿವೆಯನ್ನು ಬರೆದ ಕೈಯೇ ಔಷಧದ ಸೀಸೆಯ ಮೇಲೂ ಬರೆಯುತ್ತದೆ. ಕೆಲವು ಕಾಲದ ಹಿಂದೆ ನಮ್ಮ ಪರಿಚಯದ ಮನೆಯೊಂದರಲ್ಲಿ ಎರಡೂವರೆ ತಿಂಗಳ ಕೂಸಿಗೆ ಚುಚ್ಚುಮದ್ದು ಹಾಕಿಸಿದ ಮೇಲೆ ಜ್ವರ ಬಂದಿತು. ವೈದ್ಯರು ಜ್ವರದ ಔಷಧವನ್ನು ಇಷ್ಟೆಂದು ಹೇಳಿದರು. ತಂದೆಯು ಕೆಲಸಕ್ಕೆ ಹೊರಡುವ ಅವಸರದಲ್ಲಿ ಅದನ್ನು ಒಂದು ಕಾಗದದ ಚೂರಿನ ಮೇಲೆ ಬರೆದು ಸೀಸೆಗೆ ಅಂಟಿಸಿ ಹೋದನು. ಬರೆದದ್ದು ಇಷ್ಟೇ: ".5 ಮಿ, ದಿನಕ್ಕೆ ಮೂರು ಸಲ". ಕೂಸಿನ ಅಜ್ಜಿಯ ಕಣ್ಣಿಗೆ ಐದು ಕಂಡಿತು, ಅದರ ಹಿಂದಿನ ಚುಕ್ಕೆ ಕಾಣಲಿಲ್ಲ. ದೊಡ್ಡ ಮೊಮ್ಮಗನಿಗೆ ಜ್ವರ ಬಂದಾಗಲೆಲ್ಲ ಐದು ಮಿಲಿಲೀಟರ್, ಎಂದರೆ ಒಂದು ಚಮಚ ಹಾಕಿದ ರೂಢಿ ಆಕೆಗೆ ಇತ್ತು. ಚಮಚಕ್ಕೆ ಬಗ್ಗಿಸುವಷ್ಟರಲ್ಲಿ ಆಕೆಗೆ ಒಂದು ಯೋಚನೆ ಹೊಳೆಯಿತು: ಈ ಅಂಗೈಯಗಲದ ಸೀಸೆಯಿಂದ ದಿನಕ್ಕೆ ಮೂರು ಚಮಚ ತೆಗೆದರೆ ಸಂಜೆಯೊಳಗೆ ಸೀಸೆಯೇ ಬರಿದಾಗುವುದಲ್ಲ, ಇಷ್ಟು ದುಬಾರಿಯ ಔಷಧವನ್ನು ಯಾರಾದರೂ ಬರೆದುಕೊಡುವರೇ? ಪಕ್ಕದ ಮನೆಯವರನ್ನು ಕರೆದು ಕೇಳಿದಳು. ಆ ಮುದುಕಿಯ ಮಿತವ್ಯಯವೇ ಆ ದಿನ ಕೂಸನ್ನು ಕಾಪಾಡಿತು.

ಏನಾಗಬಹುದಾಗಿತ್ತೆಂಬುದನ್ನು ಲೆಕ್ಕಹಾಕಿ ನೋಡೋಣ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ನಮ್ಮ ಔಷಧದಂಗಡಿಗಳಲ್ಲಿ ಎರಡು ಬಗೆಯಾಗಿ ದೊರೆಯುತ್ತದೆ. ಸಿರಪ್ಪಿನ ಸೀಸೆಯಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಔಷಧವಿರುತ್ತದೆ. ಬೆಳೆದ ಮಕ್ಕಳಿಗಾಗಿ 250 ಮಿಲಿಗ್ರಾಂ ಇರುವುದೂ ಉಂಟು. ಹಸುಗೂಸುಗಳಿಗೆ ಹನಿಹನಿಯಾಗಿ ಹಾಕುವ ಸಣ್ಣ ಸೀಸೆಯಲ್ಲಿ ಸಾಮಾನ್ಯವಾಗಿ ಒಂದೊಂದು ಮಿಲಿಲೀಟರಿಗೂ 100 ಮಿಲಿಗ್ರಾಂ ಇರುತ್ತದೆ. ಕೂಸಿಗೆ ಸಣ್ಣ ಪ್ರಮಾಣವು ಸಾಕೆಂದು ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಆದಕಾರಣ ಅರ್ಧ ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಹೋಗುತ್ತಿದ್ದ ಕಡೆ, ಒಂದು ಚಮಚದಲ್ಲಿ 500 ಮಿಲಿಗ್ರಾಂ ಹೋಗುತ್ತಿತ್ತು. ಐದು ಕಿಲೋಗ್ರಾಂ ತೂಗದ ಕೂಸಿಗೆ, ಬೆಳೆದ ಗಂಡಸು ತಲೆನೋವೆಂದು ನುಂಗುವ ಮಾತ್ರೆಯಷ್ಟು! ಅದೂ ದಿನಕ್ಕೆ ಮೂರಾವರ್ತಿ. ಈ ಔಷಧವು ಮಿತಿ ಮೀರಿದರೆ ಯಕೃತ್ತನ್ನು ಕೆಡಿಸತಕ್ಕದ್ದೆಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ.

ಆ ಕಾಗದದ ಚೂರಿನಲ್ಲಿ ಇದ್ದ ದೋಷಗಳು ಎರಡು. ಮೊದಲನೆಯದು, ದಶಾಂಶದ ಚುಕ್ಕೆಯ ಹಿಂದೆ ಸೊನ್ನೆಯನ್ನು ಬರೆಯದೆ ಬಿಟ್ಟುದು. ಬರಿಯ ಚುಕ್ಕೆಯು ಕಾಗದದ ಕಲೆಯೋ, ನೊಣದ ಗುರುತೋ, ಲೇಖನಿ ತಾಕಿದ್ದೋ ಹೇಳಬರುವುದಿಲ್ಲ. ಸೊನ್ನೆಯಿದ್ದರೆ ಓದುವವನ ಕಣ್ಣು ಅಲ್ಲಿ ತಡೆದು ನಿಲ್ಲುತ್ತದೆ. 0.5 ಎಂದೇ ಬರೆಯಬೇಕು. ಇದಕ್ಕೆ ವಿಪರ್ಯಾಸವಾಗಿ, ಪೂರ್ಣಸಂಖ್ಯೆಯ ಮುಂದೆ ಚುಕ್ಕೆಯನ್ನೂ ಸೊನ್ನೆಯನ್ನೂ ಬರೆಯಲೇ ಕೂಡದು. 5.0 ಎಂದು ಬರೆದಲ್ಲಿ ಚುಕ್ಕೆ ಮಾಸಿಹೋದರೆ ಐದು ಐವತ್ತಾಗಿ ಕುಳಿತುಕೊಳ್ಳುತ್ತದೆ. ಸೊನ್ನೆ ಮುಂಚೆ ಬಂದರೆ ಕಾವಲುಗಾರ, ತರುವಾಯ ಬಂದರೆ ಕಳ್ಳ. ಎರಡನೆಯ ದೋಷವು ಆ "ಮಿ" ಎಂಬ ಒಂಟಿ ಅಕ್ಷರ. ಮಿಲಿಲೀಟರ್ ಎಂದೋ, ಮಿಲಿಗ್ರಾಂ ಎಂದೋ? ಸೀಸೆಯ ಮೇಲೆ ಎರಡೂ ಅಚ್ಚಾಗಿರುತ್ತವೆ. ಸಂಕ್ಷೇಪ ಮಾಡುವುದಾದರೆ ಮಿ.ಲೀ. ಎಂದಾದರೂ ಮಿ.ಗ್ರಾಂ. ಎಂದಾದರೂ ಪೂರ್ತಿಯಾಗಿ ಬರೆಯತಕ್ಕದ್ದು.

ಚಮಚವೆಂಬ ಮಾತು ಬಂದುದರಿಂದ ಅದನ್ನೂ ಒಂದಿಷ್ಟು ವಿಚಾರಿಸಬೇಕಾಗಿದೆ. ಅಡುಗೆಯ ಪುಸ್ತಕಗಳಲ್ಲಿ "2 ಚ. ಸೋಡ" ಎಂಬಂತಹ ಬರಹವನ್ನು ವಾಚಕರು ಕಂಡೇ ಇರುವರು. ಟೀ ಚಮಚವಾದರೆ 5 ಮಿಲಿಲೀಟರ್, ಊಟದ ದೊಡ್ಡ ಚಮಚವಾದರೆ 15 ಮಿಲಿಲೀಟರ್, ಒಂದಕ್ಕೆ ಮೂರರಷ್ಟು. ಆಸ್ಟ್ರೇಲಿಯದ ಅಡುಗೆಯ ಪುಸ್ತಕವಾದರೆ ಅದೇ ದೊಡ್ಡ ಚಮಚಕ್ಕೆ 20 ಮಿಲಿಲೀಟರ್. ಸೋಡ ಹೆಚ್ಚಾದರೆ ತಿಂಡಿ ಕೆಡುತ್ತದೆ, ಗೃಹಿಣಿಯು ನಾಲ್ಕು ಮಾತು ಕೇಳಬೇಕಾಗುತ್ತದೆ, ಅಷ್ಟೇ. ಔಷಧಕ್ಕೆ ಮಾತ್ರ ಮನೆಯ ಚಮಚವನ್ನು ನೆಚ್ಚಲಾಗದು, ಏಕೆಂದರೆ ಒಂದೇ ಮನೆಯ ನಾಲ್ಕು ಚಮಚಗಳನ್ನು ನೀರಿಟ್ಟು ಅಳೆದರೆ ನಾಲ್ಕು ಅಳತೆ ಬರುತ್ತದೆ. ಸೀಸೆಯೊಡನೆ ಬರುವ ಗೆರೆಹಾಕಿದ ಮುಚ್ಚಳವನ್ನೋ ಡ್ರಾಪರನ್ನೋ ಮನೆಯವರು ಎಲ್ಲಿಯೋ ಎಸೆದುಬಿಡುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ.

ಇನ್ನು ಸಿಹಿಮೂತ್ರ ರೋಗದ ವಿಷಯ. ಇನ್ಸುಲಿನ್ ಚುಚ್ಚಿಕೊಳ್ಳುವವರು ಇಂದು ಇಲ್ಲದ ಬೀದಿಯಿಲ್ಲ. ಅದರ ಅಳತೆ ಯೂನಿಟ್ಟುಗಳಲ್ಲಿ. ಯೂನಿಟ್ ಎಂಬುದಕ್ಕೆ ರೋಮನ್ ಲಿಪಿಯ ಯು ಅಕ್ಷರವೊಂದನ್ನೇ ಅಂಕಿಗೆ ಅಂಟಿಸಿ ಬರೆಯುವ ಪದ್ಧತಿ ಬಹುಕಾಲ ನಡೆದಿತ್ತು. ಅವಸರದ ಬರಹದಲ್ಲಿ ಆ ಅಕ್ಷರದ ಬಾಯಿ ಮುಚ್ಚಿಕೊಂಡರೆ ಸೊನ್ನೆಯಾಗುತ್ತದೆ: ಹತ್ತು ಯೂನಿಟ್ ನೂರಾಗುತ್ತದೆ. ಇನ್ಸುಲಿನ್ ಹತ್ತರ ಬದಲು ನೂರು ಹೋದರೆ ಸಕ್ಕರೆಯಂಶ ಇಳಿದು ರೋಗಿಯು ಎಚ್ಚರ ತಪ್ಪಿ ಪ್ರಾಣಕ್ಕೇ ಅಪಾಯ ಬರಬಹುದು. ಅಮೆರಿಕದಲ್ಲಿ ಆಸ್ಪತ್ರೆಗಳನ್ನು ಪರೀಕ್ಷಿಸಿ ಮನ್ನಣೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು 2004ರಲ್ಲಿ, ಔಷಧದ ಚೀಟಿಗಳಲ್ಲಿ ಬಳಸಲೇ ಕೂಡದ ಸಂಕ್ಷೇಪಗಳ ಪಟ್ಟಿಯೊಂದನ್ನು ಹೊರಡಿಸಿತು. ಆ ಪಟ್ಟಿಯಲ್ಲಿ ಈ ಯು ಅಕ್ಷರವೂ ಇದೆ. ನಾವು ಮೇಲೆ ಹೇಳಿದ, ಸೊನ್ನೆಯಿಲ್ಲದ ಚುಕ್ಕೆಯೂ, ಚುಕ್ಕೆಯ ಮುಂದಿನ ನಿಷ್ಪ್ರಯೋಜಕ ಸೊನ್ನೆಯೂ ಇವೆ. ಯೂನಿಟ್ ಎಂದು ಪೂರ್ತಿಯಾಗಿ ಬರೆಯಿರೆಂಬುದೇ ಅದರ ವಿಧಿ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ನೂ ಇದೆ, 100 ಯೂನಿಟ್ಟಿನದೂ ಇದೆ. ಅವಕ್ಕೆ ಸಿರಿಂಜುಗಳೂ ಬೇರೆಬೇರೆ. ನಲವತ್ತರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆಯ ಬಣ್ಣದ ಮುಚ್ಚಳ. ನೂರರ ಔಷಧವನ್ನು ನಲವತ್ತರ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಎರಡೂವರೆಯಷ್ಟು ಹೆಚ್ಚು ಹೋಗುತ್ತದೆ. ತಿರುಗುಮುರುಗಾದರೆ ಅಷ್ಟೇ ಕಡಮೆಯಾಗುತ್ತದೆ. ಆದುದರಿಂದ ಮನೆಯ ಪುಸ್ತಕದಲ್ಲಿ ಬೆಳಗ್ಗೆ 20 ಎಂದು ಬರೆದಿಟ್ಟರೆ ಸಾಲದು. 20 ಯೂನಿಟ್, 40ರ ಸೀಸೆ, 40ರ ಸಿರಿಂಜು ಎಂದು ಬರೆದಿಡಬೇಕು. ಊರಿಗೆ ಹೋದಾಗ ಸಿರಿಂಜು ಮರೆತು, ಅಲ್ಲಿ ಸಿಕ್ಕಿದ್ದನ್ನು ಕೊಳ್ಳುವವರಿಗೆ ಈ ಮೂರು ಮಾತೇ ಆಧಾರ.

ಕನ್ನಡದಲ್ಲಿ ಸಂಕ್ಷೇಪಿಸುವಾಗ ಬರುವ ಕಷ್ಟವು ಕನ್ನಡಕ್ಕೇ ವಿಶಿಷ್ಟವಾದುದು. ಇಂಗ್ಲಿಷಿನವರು ಒಂದೊಂದು ಅಕ್ಷರವನ್ನು ಆರಿಸಿಕೊಳ್ಳುತ್ತಾರೆ. ನಾವು ಗುಣಿತಾಕ್ಷರವನ್ನು ಆರಿಸಿಕೊಳ್ಳುತ್ತೇವೆ. ಆದಕಾರಣ ನಮ್ಮಲ್ಲಿ ಅರ್ಥವೆಲ್ಲವೂ ದೀರ್ಘದ ಒಂದು ಕೊಂಡಿಯ ಮೇಲೆ ನಿಂತಿರುತ್ತದೆ. ಹ್ರಸ್ವದ ಮಿ ಎಂದರೆ ಮಿಲಿ, ಎಂದರೆ ಸಾವಿರದಲ್ಲೊಂದು ಪಾಲು. ದೀರ್ಘದ ಮೀ ಎಂದರೆ ಮೀಟರ್. ಮಿ.ಮೀ. ಎಂಬುದರಲ್ಲಿ ಎರಡೂ ಇವೆ. ಬೆಂಗಳೂರಿಗೆ 40 ಕಿ.ಮಿ. ಎಂದು ದಾರಿಬದಿಯ ಹಲಗೆಗಳಲ್ಲಿ ಹ್ರಸ್ವವಾಗಿ ಬರೆದಿರುವುದನ್ನು ಓದಿದಾಗ, ಕಿಲೋಮಿಲಿಯೆಂಬ ಯಾವ ಪದಾರ್ಥವು ಬೆಂಗಳೂರಿನಷ್ಟು ದೂರದಲ್ಲಿದೆಯೋ ಎಂದು ನಮಗೆ ನಗು ಬರುತ್ತದೆ. ಪ್ರಯಾಣಿಕನು ದಾರಿ ತಪ್ಪುವುದಿಲ್ಲ, ನಿಜ. ಆದರೆ ಮಿ.ಗ್ರಾಂ. ಎಂಬುದಕ್ಕೂ ಮೈ.ಗ್ರಾಂ. ಎಂಬುದಕ್ಕೂ ಇರುವ ವ್ಯತ್ಯಾಸ ನಗುವಿನದಲ್ಲ. ಮೊದಲನೆಯದು ಮಿಲಿಗ್ರಾಂ, ಎರಡನೆಯದು ಮೈಕ್ರೋಗ್ರಾಂ, ಎಂದರೆ ಅದರ ಸಾವಿರದಲ್ಲೊಂದು ಪಾಲು. ಥೈರಾಯಿಡ್ ಗ್ರಂಥಿಯ ದೌರ್ಬಲ್ಯಕ್ಕೆ ಅನೇಕ ಹೆಂಗಸರು ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಮಾತ್ರೆಗಳು 25, 50, 100 ಎಂದು ಬರುತ್ತವಷ್ಟೆ. ಅವು ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. ಮನೆಯ ಔಷಧಗಳ ಪಟ್ಟಿಯಲ್ಲಿ ಬೇರೆಲ್ಲಕ್ಕೂ ಮಿ.ಗ್ರಾಂ. ಎಂದು ಬರೆದ ಕೈ ಇದಕ್ಕೂ ಹಾಗೆಯೇ ಬರೆದುಬಿಡುತ್ತದೆ. ಹೊಸ ವೈದ್ಯರ ಮುಂದೆ ಆ ಪಟ್ಟಿಯನ್ನು ಹಿಡಿದಾಗ, ಅವರು ಅನುಭವಸ್ಥರಾದುದರಿಂದ ತಿದ್ದಿಕೊಳ್ಳುತ್ತಾರೆ. ಇಲ್ಲಿಯೂ ಅಂಗಡಿಯವನ ಕಥೆಯೇ.

ಮೈಕ್ರೋ ಎಂಬುದಕ್ಕೆ ಲೋಕದ ವಿದ್ವಾಂಸರು ಒಪ್ಪಿದ ಸಂಕೇತವು ಗ್ರೀಕರ ಮ್ಯೂ ಎಂಬ ಅಕ್ಷರ. ಅಚ್ಚಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕೈಬರಹದಲ್ಲಿ ಅದು ರೋಮನ್ ಎಂ ಅಕ್ಷರವನ್ನು ಹೋಲುವುದರಿಂದ, ಔಷಧದ ಚೀಟಿಗಳಲ್ಲಿ ಅದನ್ನು ಬಿಟ್ಟು ಎಂ ಸಿ ಜಿ ಎಂಬ ಮೂರು ಅಕ್ಷರಗಳನ್ನು ಬರೆಯುವ ವಾಡಿಕೆ ಬಂದಿತು. ಶಾಸ್ತ್ರಕ್ಕಿಂತ ರೋಗಿಯ ಪ್ರಾಣ ದೊಡ್ಡದಾದ್ದರಿಂದ ಇಲ್ಲಿ ಶಾಸ್ತ್ರವನ್ನು ಮೀರಿದುದೇ ಸರಿಯೆಂದು ನಮ್ಮ ಅಭಿಪ್ರಾಯ. ಹಳೆಯ ಔಷಧ ಗ್ರಂಥಗಳನ್ನು ನೋಡುವವರು ಮತ್ತೊಂದನ್ನು ನೆನಪಿಡಬೇಕು: ಅಲ್ಲಿ ಗ್ರೈನ್ ಎಂಬ ಹಳೆಯ ತೂಕವೊಂದು ಬರುತ್ತದೆ, ಅದು ಸುಮಾರು 65 ಮಿಲಿಗ್ರಾಂ ಮಾತ್ರ. ಅದನ್ನು ಗ್ರಾಂ ಎಂದು ಓದಿದರೆ ಹದಿನೈದರಷ್ಟಾಗುತ್ತದೆ.

ಕನ್ನಡದ ಅಂಕಿಗಳಲ್ಲಿ ಬರೆಯುವವರಿಗೂ ಒಂದು ಮಾತು. ಅವಸರದಲ್ಲಿ ಬರೆದ ೬ ಮತ್ತು ೯ ಅವಳಿಜವಳಿಗಳಂತೆ ಕಾಣುತ್ತವೆ. ಗ್ರಾಂ ಎಂಬುದರ ಕೊನೆಯ ಬಿಂದುವೂ ಸೊನ್ನೆಯೂ ಒಂದೇ ಆಕಾರ. ಆದುದರಿಂದ ಅಂಕಿಗೂ ಅಕ್ಷರಕ್ಕೂ ನಡುವೆ ಒಂದಿಷ್ಟು ತೆರಪು ಬಿಡುವುದು ಒಳ್ಳೆಯದು. ಅಂತರರಾಷ್ಟ್ರೀಯ ನಿಯಮವೂ ಹೀಗೆಯೇ ಹೇಳುತ್ತದೆ.

ಆ ನಿಯಮದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 1875ನೆಯ ಇಸವಿ ಮೇ 20ರಂದು ಪ್ಯಾರಿಸ್ ನಗರದಲ್ಲಿ ಹದಿನೇಳು ರಾಜ್ಯಗಳ ಪ್ರತಿನಿಧಿಗಳು ಸೇರಿ ಮೀಟರ್ ಒಡಂಬಡಿಕೆಗೆ ರುಜು ಹಾಕಿದರು. ಅದರಂತೆ ಕಾಲಕಾಲಕ್ಕೆ ಕೂಡುವ ಮಹಾಸಭೆಯು 1948ರಲ್ಲಿ ಸಂಕೇತಾಕ್ಷರಗಳನ್ನು ಬರೆಯುವ ಕ್ರಮವನ್ನು ಗೊತ್ತುಮಾಡಿತು. ಸಂಕೇತಗಳು ಸಾಮಾನ್ಯವಾಗಿ ರೋಮನ್ ಲಿಪಿಯ ಸಣ್ಣಕ್ಷರಗಳಾಗಿರಬೇಕು. ವ್ಯಕ್ತಿಯ ಹೆಸರಿನಿಂದ ಬಂದವಾದರೆ ದೊಡ್ಡಕ್ಷರ. ಕೊನೆಯಲ್ಲಿ ಚುಕ್ಕೆ ಇಡಕೂಡದು. ಬಹುವಚನದ ಬಾಲವೂ ಇಲ್ಲ. ಈಗಲೂ ನಮ್ಮ ಬೀದಿಯ ಅಂಗಡಿಗಳ ಹಲಗೆಗಳಲ್ಲಿ ಕೆ ಜಿ ಅಕ್ಷರಗಳಿಗೆ ಎಸ್ ಅಂಟಿಸಿ ಬರೆದಿರುವುದನ್ನು ಕಾಣುತ್ತೇವೆ. ಆ ಎಸ್ ಸೆಕೆಂಡಿನ ಸಂಕೇತವೆಂಬುದನ್ನು ಬರೆದವರು ಅರಿಯರು. ಕಿಲೋ ಎಂಬುದಕ್ಕೆ ಸಣ್ಣ ಕೆ; ದೊಡ್ಡ ಕೆ ಬರೆದರೆ ಅದು ಕೆಲ್ವಿನ್ ಮಹಾಶಯನ ಹೆಸರಿನ ಉಷ್ಣಮಾನವಾಗುತ್ತದೆ. ಸಣ್ಣ ಎಂ ಎಂದರೆ ಸಾವಿರದಲ್ಲೊಂದು, ದೊಡ್ಡ ಎಂ ಎಂದರೆ ಹತ್ತು ಲಕ್ಷ. ಅಕ್ಷರದ ಗಾತ್ರ ಬದಲಾದರೆ ಪ್ರಮಾಣವು ನೂರು ಕೋಟಿಯಷ್ಟು ಬದಲಾಗುತ್ತದೆ. ಮನೆಗೆ ಇಂಟರ್ನೆಟ್ ಹಾಕಿಸಿಕೊಂಡು, ನೂರು ಎಂದು ಹೇಳಿ ಹನ್ನೆರಡೂವರೆ ಕೊಟ್ಟರೆಂದು ಜಗಳವಾಡುವವರೂ ಈ ಗಾತ್ರಭೇದವನ್ನು ಗಮನಿಸದವರೇ. ಸಣ್ಣ ಬಿ ಎಂಬುದು ಬಿಟ್, ದೊಡ್ಡ ಬಿ ಎಂಬುದು ಬೈಟ್. ಎಂಟು ಬಿಟ್ಟುಗಳಿಗೆ ಒಂದು ಬೈಟ್.

ಲೀಟರಿನ ಸಂಕೇತವು ಈ ನಿಯಮಕ್ಕೆ ಅಪವಾದವಾಗಿ ನಿಂತಿದೆ. ಲೀಟರ್ ಎಂಬುದು ಯಾರ ಹೆಸರೂ ಅಲ್ಲ. ಆದಕಾರಣ ಅದಕ್ಕೆ ಸಣ್ಣ ಎಲ್ ಅಕ್ಷರವೇ ಸಲ್ಲತಕ್ಕದ್ದು. ಆದರೆ ಆ ಅಕ್ಷರವು ಒಂದು ಎಂಬ ಅಂಕಿಯಂತೆಯೇ ಕಾಣುವುದರಿಂದ, 1979ರ ಮಹಾಸಭೆಯು ದೊಡ್ಡ ಎಲ್ ಅನ್ನೂ ಬಳಸಬಹುದೆಂದು ಅಪ್ಪಣೆ ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ, 1978ರಲ್ಲಿ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕೆನ್ ವುಲ್ನರ್ ಎಂಬ ವಿದ್ವಾಂಸರು ಏಪ್ರಿಲ್ ತಿಂಗಳ ಪತ್ರಿಕೆಯೊಂದರಲ್ಲಿ ಕ್ಲೋದ್ ಲೀಟರ್ ಎಂಬ ಫ್ರೆಂಚ್ ಪಂಡಿತನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಅಂತಹ ಮನುಷ್ಯನು ಹುಟ್ಟಿಯೇ ಇರಲಿಲ್ಲ! ದೊಡ್ಡಕ್ಷರಕ್ಕೆ ಒಬ್ಬ ಯಜಮಾನನನ್ನು ಒದಗಿಸಲು ಮಾಡಿದ ವಿನೋದವದು. ಅದನ್ನು ನಿಜವೆಂದು ನಂಬಿದವರೂ ಉಂಟು.

ಅದೇ ಕೆನಡಾದಲ್ಲಿ ಐದು ವರ್ಷಗಳ ತರುವಾಯ ನಡೆದ ಸಂಗತಿಯಲ್ಲಿ ವಿನೋದವಿಲ್ಲ. 1983ನೆಯ ಇಸವಿ ಜುಲೈ 23ರಂದು ಏರ್ ಕೆನಡಾ ಸಂಸ್ಥೆಯ ಹೊಸ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್ಲಿನಿಂದ ಆಟಾವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಟಿತು. ಆಗ ಆ ದೇಶವು ಪೌಂಡುಗಳಿಂದ ಕಿಲೋಗ್ರಾಂಗಳಿಗೆ ಬದಲಾಗುತ್ತಿದ್ದ ಕಾಲ. ವಿಮಾನದ ಇಂಧನಮಾಪಕವು ಕೆಟ್ಟಿದ್ದುದರಿಂದ ತೊಟ್ಟಿಗಳಲ್ಲಿ ಉಳಿದಿದ್ದ ಇಂಧನವನ್ನು ಕಡ್ಡಿ ಇಳಿಬಿಟ್ಟು ಅಳೆದರು. 7,682 ಲೀಟರ್ ಇತ್ತು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಬೇಕಾಗಿತ್ತು. ಲೀಟರನ್ನು ತೂಕಕ್ಕೆ ತಿರುಗಿಸಲು 1.77 ಎಂಬ ಅಂಕಿಯಿಂದ ಗುಣಿಸಿದರು, 13,597 ಬಂದಿತು. ಅದನ್ನು ಕಿಲೋಗ್ರಾಂ ಎಂದು ತಿಳಿದು ಉಳಿದುದಕ್ಕೆ ಬೇಕಾದಷ್ಟು, ಎಂದರೆ 4,917 ಲೀಟರ್ ತುಂಬಿಸಿದರು. ಆದರೆ 1.77 ಎಂಬುದು ಒಂದು ಲೀಟರ್ ಇಂಧನವು ಎಷ್ಟು ಪೌಂಡ್ ತೂಗುವುದೆಂಬ ಅಂಕಿ! ಕಿಲೋಗ್ರಾಂ ಲೆಕ್ಕಕ್ಕೆ ಸುಮಾರು 0.8 ಎಂದಿರಬೇಕಾಗಿತ್ತು. ತುಂಬಬೇಕಾಗಿದ್ದುದು ಸುಮಾರು 20,000 ಲೀಟರ್. ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದರು. ಗುಣಾಕಾರವೇನೂ ತಪ್ಪಿರಲಿಲ್ಲ, ಅಂಕಿಯ ಜೊತೆಯಲ್ಲಿ ಇರಬೇಕಾಗಿದ್ದ ಅಳತೆಯ ಹೆಸರು ಮಾತ್ರ ಯಾರ ಮನಸ್ಸಿನಲ್ಲಿಯೂ ನಿಂತಿರಲಿಲ್ಲ.

ನಡುದಾರಿಯಲ್ಲಿ, 41,000 ಅಡಿಗಳ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯತೊಡಗಿ, ಎರಡು ಯಂತ್ರಗಳೂ ಒಂದಾದ ಮೇಲೊಂದು ನಿಂತುಹೋದುವು. ವಿಮಾನದಲ್ಲಿ ಸಿಬ್ಬಂದಿಯೂ ಸೇರಿ 69 ಜನರಿದ್ದರು. ನಾಯಕ ಬಾಬ್ ಪಿಯರ್ಸನ್ ಎಂಬವನಿಗೆ ಯಂತ್ರವಿಲ್ಲದ ಗ್ಲೈಡರುಗಳನ್ನು ಹಾರಿಸಿದ ಅನುಭವವಿತ್ತು. ಅವನ ಸಹಾಯಕ ಮೋರಿಸ್ ಕ್ವಿಂಟಾಲ್ ಎಂಬವನು ಹಿಂದೆ ವಾಯುಸೇನೆಯಲ್ಲಿದ್ದವನಾದುದರಿಂದ ಗಿಮ್ಲಿ ಎಂಬಲ್ಲಿ ಹಳೆಯ ಸೇನಾ ನಿಲ್ದಾಣವೊಂದು ಇದ್ದುದನ್ನು ಬಲ್ಲವನಾಗಿದ್ದನು. ಅಷ್ಟು ದೊಡ್ಡ ವಿಮಾನವನ್ನು ತೇಲಿಸಿಕೊಂಡು ಅಲ್ಲಿ ಇಳಿಸಿದರು. ಆ ದಿನ ಅಲ್ಲಿ ಮೋಟಾರು ಪಂದ್ಯದವರು ಹೆಂಡಿರು ಮಕ್ಕಳೊಡನೆ ಸೇರಿದ್ದರು! ದೈವಕೃಪೆಯಿಂದ ಒಂದು ಪ್ರಾಣವೂ ಹೋಗಲಿಲ್ಲ. ಕೆಲವರಿಗೆ ಸಣ್ಣಪುಟ್ಟ ಗಾಯಗಳಾದುವು, ಅಷ್ಟೇ.

ಹಿಂದಿನ ಕಾಲದಲ್ಲಿ ಈ ತೊಂದರೆಗಳು ಇರಲಿಲ್ಲವೆಂದು ಹೇಳುವ ಹಿರಿಯರುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಬಂಗಾಳದ ಸೇರಿಗೆ 80 ತೊಲ, ಮದರಾಸಿನ ಸೇರಿಗೆ 24 ತೊಲ; ಅಲ್ಲಿನ ಮಣವು ಈಗಿನ ಸುಮಾರು 37 ಕಿಲೋಗ್ರಾಂ, ಇಲ್ಲಿನದು 11 ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ಸೇರು ಎಂದು ಪೂರ್ತಿಯಾಗಿ ಬರೆದರೂ ಯಾವ ಸೇರು ಎಂದು ಕೇಳಬೇಕಾಗಿದ್ದ ಕಾಲವದು. 1956ರ ಶಾಸನವು ಇವೆಲ್ಲವನ್ನೂ ತೆಗೆದುಹಾಕಲು ಹೊರಟು, 1962ರ ಏಪ್ರಿಲ್ ತಿಂಗಳಿಂದ ಮೆಟ್ರಿಕ್ ತೂಕಗಳನ್ನಲ್ಲದೆ ಬೇರೆಯವನ್ನು ಬಳಸಕೂಡದೆಂದಾಯಿತು. ಈಗ 2009ರ ಶಾಸನದ ಕೆಳಗೆ ಪೊಟ್ಟಣಗಳ ಮೇಲೆ ಯಾವ ಸಂಕೇತಗಳಿರಬೇಕೆಂಬುದೂ ನಿಯಮವಾಗಿದೆ. ಹಳಬರ ಪದ್ಧತಿಯಲ್ಲಿ ಒಂದು ಗುಣವಿತ್ತೆಂಬುದನ್ನು ಮಾತ್ರ ಒಪ್ಪಲೇಬೇಕು. ರೂಪಾಯಿ ಆಣೆ ಪೈಗಳನ್ನು ಅವರು 3-8-0 ಎಂದು ಅಡ್ಡಗೆರೆಯಿಂದ ಬೇರ್ಪಡಿಸಿ ಬರೆಯುತ್ತಿದ್ದರು. ಅದನ್ನು ದಶಾಂಶವೆಂದು ಯಾರೂ ಭ್ರಮಿಸುತ್ತಿರಲಿಲ್ಲ.

ಆ ಅಡ್ಡಗೆರೆ ಹೋಗಿ ಅದರ ಸ್ಥಾನಕ್ಕೆ ಚುಕ್ಕೆ ಬಂದುದರಿಂದ ನಮ್ಮ ರೈತ ಕುಟುಂಬಗಳಲ್ಲಿ ಆಗುತ್ತಿರುವ ಗೊಂದಲವನ್ನು ಹೇಳದೆ ಬಿಡಲಾಗದು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂಬ ಕ್ರಮದಲ್ಲಿ ನಡುವೆ ಚುಕ್ಕೆಯಿಟ್ಟು ಬರೆದಿರುತ್ತದೆ. 2.10 ಎಂದರೆ ಎರಡು ಎಕರೆ ಹತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ಎರಡೂಕಾಲು ಎಕರೆ. ಪೇಟೆಯಲ್ಲಿ ಬೆಳೆದ ಮಗನು ಅದನ್ನು ದಶಾಂಶವಾಗಿ ಓದಿ, ಎಕರೆಯ ದರದಿಂದ 2.10ನ್ನು ಗುಣಿಸಿದರೆ, ಎರಡು ಎಕರೆ ನಾಲ್ಕು ಗುಂಟೆಯ ಹಣ ಮಾತ್ರ ಬರುತ್ತದೆ. ಉಳಿದ ಆರು ಗುಂಟೆ, ಎಂದರೆ 6,534 ಚದರ ಅಡಿ, ಮೂವತ್ತು ನಲವತ್ತರ ಐದು ನಿವೇಶನಗಳಿಗೂ ಹೆಚ್ಚಾದ ಭೂಮಿಯು ಒಂದು ಚುಕ್ಕೆಯಲ್ಲಿ ಕರಗಿಹೋಗುತ್ತದೆ. ಕೂಡುವ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಅನರ್ಥ. ತಂದೆಯ ಎರಡು ತುಂಡು ಭೂಮಿ 1.30 ಮತ್ತು 1.20 ಎಂದಿಟ್ಟುಕೊಳ್ಳೋಣ. ಯಂತ್ರದಲ್ಲಿ ಒತ್ತಿದರೆ 2.50 ಎಂದು ಬರುತ್ತದೆ. ಎರಡೂವರೆ ಎಕರೆಯೆಂದು ಅಣ್ಣತಮ್ಮಂದಿರು ಪಾಲಿಗೆ ಕೂರುತ್ತಾರೆ. ನಿಜವಾಗಿ ಇರುವುದು ಮೂರು ಎಕರೆ ಹತ್ತು ಗುಂಟೆ. ನಡುವೆ ಮೂವತ್ತು ಗುಂಟೆಯ ವ್ಯತ್ಯಾಸ! ಇದನ್ನು ಯಾರು ಮೊದಲು ಗಮನಿಸುತ್ತಾರೋ ಅವರ ಮೇಲೆ ಉಳಿದವರಿಗೆ ಸಂಶಯ ಹುಟ್ಟುವುದು ಸಹಜ. ವಿಭಾಗಪತ್ರವಾಗಲಿ ಕ್ರಯಪತ್ರವಾಗಲಿ ಬರೆಸುವಾಗ ಎ. ಗು. ಎಂಬ ಸಂಕ್ಷೇಪಗಳನ್ನು ಬಿಟ್ಟು, ಎರಡು ಎಕರೆ ಹತ್ತು ಗುಂಟೆ ಎಂದು ಅಕ್ಷರದಲ್ಲಿಯೇ ಬರೆಸುವುದು ಲೇಸು. ಕಾಗದಕ್ಕೆ ಅಷ್ಟು ಬಡತನ ಬಂದಿಲ್ಲ.

ಇದೇ ಜಾತಿಯ ತಪ್ಪನ್ನು ವಧೂವರರ ಪ್ರಕಟನೆಗಳಲ್ಲಿಯೂ ಕಾಣಬಹುದು. ವರನ ಎತ್ತರ 5.10, ಕನ್ಯೆಯ ಎತ್ತರ 5.9 ಎಂದಿದ್ದರೆ, ಗಣಿತವನ್ನು ಚೆನ್ನಾಗಿ ಕಲಿತವನ ಮಟ್ಟಿಗೆ ಕನ್ಯೆಯೇ ಎತ್ತರ. ಐದು ಅಡಿ ಹತ್ತು ಅಂಗುಲ ಎಂದು ಬರೆದರೆ ಯಾವ ಸಂಬಂಧವೂ ಈ ಕಾರಣದಿಂದ ಮುರಿಯಲಾರದು.

ಹಾಗಾದರೆ ಸಂಕ್ಷೇಪಗಳನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಬೇಳೆಯ ಪೊಟ್ಟಣದ ಮೇಲೆ ಕಿ.ಗ್ರಾಂ. ಎಂದಿದ್ದರೇನು, ಕೆ.ಜಿ. ಎಂದಿದ್ದರೇನು? ಕನ್ನಡದಲ್ಲಿ ಚುಕ್ಕೆಯಿಡುವ ನಮ್ಮ ರೂಢಿಯಲ್ಲಿಯೂ ದೋಷವಿಲ್ಲ. ಅಂತರರಾಷ್ಟ್ರೀಯ ನಿಯಮವು ರೋಮನ್ ಸಂಕೇತಗಳಿಗೆ ಹೇಳಿದುದು. ಎಣ್ಣೆಯನ್ನು ಕೊಳ್ಳುವಾಗ ಮಾತ್ರ ಲೀಟರಿಗೂ ಕಿಲೋಗ್ರಾಮಿಗೂ ಇರುವ ಭೇದವನ್ನು ನೋಡಿಕೊಳ್ಳಬೇಕು, ಏಕೆಂದರೆ ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆಯೇ ಹೊರತು ಸಾವಿರವಲ್ಲ. ವೈದ್ಯರು ಔಷಧದ ಹೆಸರುಗಳನ್ನು ಸ್ಪಷ್ಟವಾಗಿ, ಆದಷ್ಟು ಮಟ್ಟಿಗೆ ರೋಮನ್ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ನಮ್ಮ ದೇಶದ ವೈದ್ಯಕೀಯ ಪರಿಷತ್ತು ವಿಧಿಸಿತು. ಹೆಸರಿನ ಮಟ್ಟಿಗೆ ಅದು ಬಹಳ ಉಪಕಾರವಾದ ವಿಧಿ. ಅಳತೆಯ ವಿಷಯದಲ್ಲಿ ಸಂದೇಹ ಬಂದರೆ ಔಷಧದಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಅವರು ಹೇಳಿದುದನ್ನು ಅಲ್ಲಿಯೇ ನಿಂತು ನಮ್ಮ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಮೊದಲು ಹೇಳಿದ ಮನೆಯ ಸೀಸೆಯ ಮೇಲೆ ಈಗ ಹೊಸ ಚೀಟಿಯೊಂದು ಅಂಟಿದೆ. ಅದನ್ನು ನಮ್ಮೆದುರಿನಲ್ಲಿಯೇ ಬರೆದರು: "ಕೂಸಿಗೆ ಜ್ವರದ ಹನಿ. ಒಂದು ಸಲಕ್ಕೆ 0.5 ಮಿ.ಲೀ. (ಅರ್ಧ ಮಿಲಿಲೀಟರ್). ಡ್ರಾಪರಿನ ಅರ್ಧದ ಗೆರೆಯವರೆಗೆ. ಚಮಚ ಬೇಡ." ಬರೆದಾದ ಮೇಲೆ ಅಜ್ಜಿಯ ಕೈಯಲ್ಲಿ ಓದಿಸಿದರು. ಆಕೆ ಕನ್ನಡಕವನ್ನು ಹಾಕಿಕೊಂಡು, ಸೊನ್ನೆಯನ್ನೂ ಬಿಡದೆ ಗಟ್ಟಿಯಾಗಿ ಓದಿ, ಡ್ರಾಪರಿನಲ್ಲಿ ಆ ಗೆರೆ ಎಲ್ಲಿದೆ ತೋರಿಸಿರೆಂದು ಕೇಳಿದಳು.